ಹಸಿಮಣ್ಣಿನ ಕಾಗುಣಿತ

ಮಾಲೂರಿನ ಹೆಂಚಿನ ಕಾರ್ಖಾನೆಯ ಹಿಂದೆ
ರೈಲುಹಳಿ ದಾಟಿ, ನೀಲಗಿರಿ ತೋಪಿನ ಅಂಚಿಗೆ
ನಮ್ಮವರ ಮಣ್ಣು.
ಕಲ್ಲು ಕೆತ್ತಿಸುವಷ್ಟು ಇದ್ದವರು ಇಲ್ಲಿ ಯಾರೂ ಸಾಯಲಿಲ್ಲ.
ಸತ್ತವರೆಲ್ಲ ಗೂಡಿನವರು, ಅಚ್ಚಿನವರು,
ಕೆರೆಮಣ್ಣು ತುಳಿದವರು.
ಅದಕ್ಕೆ ತಲೆದೆಸೆಗೆ ಹೆಂಚು.

ಮಾಡುತ್ತಿದ್ದವನು ನಮ್ಮಪ್ಪ, ಇನ್ನಾಸಪ್ಪ.
ಮೂರನೇ ಕ್ಲಾಸಿಗೇ ಶಾಲೆ ಮುಗಿದಿತ್ತು.
ಅಚ್ಚು ಕೆತ್ತುವ ಕೈ. ಅಚ್ಚಿನಲ್ಲಿ ಅಕ್ಷರ
ತಿರುಗಾಮುರುಗಾ ಇದ್ದರೇನೇ ಹೆಂಚಿನಲ್ಲಿ ನೆಟ್ಟಗೆ.
ಅದೇ ರೂಢಿಯಲ್ಲಿ, ಮೊದಲ ಸಲ,
ಚೌರಪ್ಪಮಾವನ ಹೆಸರನ್ನು ಹಸಿಹೆಂಚಿಗೇ
ಉಲ್ಟಾ ಗೀಚಿಬಿಟ್ಟ.
ಸುಟ್ಟು ಬಂದ ಮೇಲೆ ಯಾರಿಗೂ ಓದಲು ಬರಲಿಲ್ಲ.
ಅತ್ತೆ ಸೆರಗಿನಲ್ಲಿ ಬೂದಿ ಒರೆಸಿ ನೋಡಿ ಅಂದಳು:
"ಇರಲಿ ಬಿಡಣ್ಣ,
ಒಳಗಿರೋನಿಗೆ ನೆಟ್ಟಗೆ ಕಾಣ್ತದೆ."

ಗೂಡು ಹತ್ತುತ್ತಿದ್ದದ್ದು ಹನ್ನೆರಡು ದಿನಕ್ಕೊಮ್ಮೆ.
ಸಾವು ಅದನ್ನು ಕೇಳಿಕೊಂಡು ಬರುತ್ತಿರಲಿಲ್ಲ.
ಅಲ್ಲಿಯವರೆಗೆ ಒಂದು ಹೊಂಗೆಕಡ್ಡಿ,
ಕಡ್ಡಿಗೆ ಹರಿದ ಸೀರೆಯಂಚು.
ಗೂಡಿನೊಳಗೆ ಸಾಲುಸಾಲು ಮನೆಹೆಂಚು,
ನಡುವೆ ಎಲ್ಲೋ ಹೆಸರಿನದೊಂದು,
ಮೇಸ್ತ್ರಿಯ ಎಣಿಕೆಗೆ ಸಿಗದ ಹಾಗೆ.
ಸಿಕ್ಕರೂ ಅವನು ಎಣಿಸುತ್ತಿರಲಿಲ್ಲ,
ಅವನ ತಾಯಿಯದೂ ಅಲ್ಲೇ ಬೆಂದದ್ದು.

ಇವತ್ತು ನೋಟ್‌ಬುಕ್ಕು, ತೆಂಗಿನ ನಾರು ಹಿಡಿದು ಬಂದಿದ್ದೇನೆ.
ಫಾದರು ಹೊಸ ರಿಜಿಸ್ಟರು ಬರೆಸುತ್ತಿದ್ದಾರೆ,
ಹಳೆಯದನ್ನು ಗೆದ್ದಲು ಓದಿ ಮುಗಿಸಿದೆ.
ಪಾಚಿ ಉಜ್ಜಿದರೆ ಅಪ್ಪನ ಕಾಗುಣಿತ:
ಒತ್ತಕ್ಷರಕ್ಕೆ ಅಂಚಿನಲ್ಲಿ ಜಾಗ ಸಾಲದೆ
ರಾಯಪ್ಪ 'ರಾಯಪ' ಆಗಿದ್ದಾನೆ.
ಜ್ಞಾನಮ್ಮನ 'ಜ್ಞ' ಕಡ್ಡಿಗೆ ದಕ್ಕದೆ
'ಗ್ಯಾನಮ'.
ನಾವು ಕರೆಯುತ್ತಿದ್ದದ್ದೂ ಹಾಗೇ ಅನ್ನಿ.
ತಿದ್ದಿ ಬರೆದರೆ ಬೇರೆ ಯಾರೋ ಆಗುತ್ತಾಳೆ,
ಕಡ್ಲೆಕಾಯಿ ಬೇಯಿಸಿ ಗೇಟಿನ ಹತ್ತಿರ ಮಾರದ ಯಾರೋ.
ಬರೆದೆ: ಗ್ಯಾನಮ.

ಕೂಸುಗಳಿಗೆ ಅರ್ಧ ಹೆಂಚು.
ಒಂದರ ಮೇಲೆ ಅಕ್ಷರವೇ ಇಲ್ಲ,
ಹೆಸರಿಡುವ ಮುಂಚೆ ಹೋದದ್ದಿರಬೇಕು.
ನಡುಮಧ್ಯೆ ಒಂದು ಹೆಬ್ಬೆಟ್ಟು ಒತ್ತಿದೆ.
ಅಪ್ಪನದಲ್ಲ, ಅವನ ಹೆಬ್ಬೆಟ್ಟಿಗೆ ಅಡ್ಡ ಗಾಯವಿತ್ತು.
ಗೆರೆಗೆರೆಯೂ ಹಾಗೇ ಇದೆ.
ನನ್ನದನ್ನು ಇಟ್ಟು ನೋಡಿದೆ, ಹೊಂದಲಿಲ್ಲ.
ರಿಜಿಸ್ಟರಿನ ಆ ಸಾಲು ಖಾಲಿ.

ಬಿದ್ದದ್ದೊಂದನ್ನು ಎತ್ತಿ ನಿಲ್ಲಿಸುವಾಗ ಬೆನ್ನು ಕಂಡಿತು:
ಕಾರ್ಖಾನೆಯ ಮುದ್ರೆ, ಹಾರುವ ಬಾತುಕೋಳಿ,
'ಮಾಲೂರು, ಒಂದನೇ ದರ್ಜೆ'.
ಬದುಕಿದ್ದಾಗ ಯಾರೂ ಅವರಿಗೆ ಹಾಗೆ ಅಂದಿರಲಿಲ್ಲ.

ಕೊನೆಯ ಸಾಲಿನಲ್ಲಿ ಅಪ್ಪ.
ತನ್ನದನ್ನು ತಾನೇ ಮಾಡಿಟ್ಟುಕೊಂಡಿದ್ದ,
ಕಾರ್ಖಾನೆ ಮುಚ್ಚಿದ ವರ್ಷ, ಕಡೆಯ ಗೂಡಿಗೆ.
ಹೆಸರು ಸರಿಯಾಗಿದೆ, ಎರಡು ಒತ್ತೂ ಇವೆ,
ಆತುರವೇನೂ ಇರಲಿಲ್ಲವಲ್ಲ.
ಕೆಳಗೆ 'ಮರಣ 19', ಮುಂದೆ ಎರಡಂಕಿಗೆ ಜಾಗ,
ಮೊಳೆಯಲ್ಲಿ ಕೊರೆದುಕೊಳ್ಳಿ ಅಂತ.
ಹದಿನಾರು ವರ್ಷ ಅದು ಅಮ್ಮನ
ರಾಗಿಹಿಟ್ಟಿನ ಮಡಕೆಗೆ ಮುಚ್ಚಳವಾಗಿತ್ತು.
ಅಷ್ಟರಲ್ಲಿ ಎರಡು ಸಾವಿರ ದಾಟಿತು.
"ಲೆಕ್ಕ ತಪ್ಪೋಯ್ತಲ್ಲಮ್ಮ" ಅಂತ ಟೀ ಲೋಟದೊಳಗೇ ನಕ್ಕ,
ಇನ್ನೂ ಏಳು ವರ್ಷ ನಕ್ಕ.

ಈಗ ಹಸು ಹೊಡೆದುಕೊಂಡು ಬರುವವರು ಓದುತ್ತಾರೆ:
ಅಯ್ಯೋ ಪಾಪ, ಹತ್ತೊಂಬತ್ತಕ್ಕೇ.
ಸಿಮೆಂಟು ಮೆತ್ತಿ ಸರಿಮಾಡೋಣ ಅಂತಾನೆ ತಮ್ಮ.
ನಾನು ಮೊಳೆ ತಂದಿದ್ದೆ. ಎರಡು ಗೆರೆ ಎಳೆದೆ.
ಕೆಂಪು ಹುಡಿ ಉಗುರಿನಲ್ಲಿ ನಿಂತಿತು,
ಗೆರೆ ಹೆಂಚಿನ ಮೇಲೆ ನಿಲ್ಲಲಿಲ್ಲ.
ಚೆನ್ನಾಗಿ ಬೇಯಿಸಿದ್ದ.

ಬಂಗಾರಪೇಟೆ ಪ್ಯಾಸೆಂಜರು ಹೋಯಿತು.
ಸಾಲಿನ ಹೆಂಚೆಲ್ಲ ಸಣ್ಣಗೆ ಅಲುಗಿದವು,
ಮಾಡಿನ ಮೇಲೆ ರಾತ್ರಿ
ಬೆಕ್ಕು ನಡೆದ ಹಾಗೆ.